ಮಕ್ಕಳಿಗೆ 25 ತುಂಬುವ ಮುನ್ನ ವಿಮೆಯ ಕಾಗದ ನೋಡಿ

ಕ್ಲಿನಿಕ್ಕಿಗೆ ಬರುವ ತಂದೆ ತಾಯಂದಿರನ್ನು, ಮಗನಿಗೆ ಆರೋಗ್ಯ ವಿಮೆ ಇದೆಯೇ ಎಂದು ಕೇಳಿದರೆ, “ನಮ್ಮ ಪಾಲಿಸಿಯಲ್ಲೇ ಇದ್ದಾನೆ ಹಕೀಮ್ ಸಾಹೇಬರೇ” ಎನ್ನುತ್ತಾರೆ. ಮಗನಿಗೆ 26 ದಾಟಿರುತ್ತದೆ, ದೂರದ ಊರಿನಲ್ಲಿ ಕೆಲಸಕ್ಕೂ ಸೇರಿರುತ್ತಾನೆ. ಹಾಗಿದ್ದರೆ ಅವನು ಪಾಲಿಸಿಯಿಂದ ಹೊರಬಿದ್ದಿರುವ ಸಾಧ್ಯತೆಯೇ ಹೆಚ್ಚು. ಇದು ಆಸ್ಪತ್ರೆಯ ಬಿಲ್ಲಿನ ಮುಂದೆ ನಿಂತಾಗ ಗೊತ್ತಾಗಬಾರದು.

ಇಡೀ ಕುಟುಂಬಕ್ಕೆ ಒಂದೇ ಮೊತ್ತದ ರಕ್ಷಣೆ ಕೊಡುವ ಪಾಲಿಸಿಗೆ ಫ್ಯಾಮಿಲಿ ಫ್ಲೋಟರ್ ಎನ್ನುತ್ತಾರೆ. ಇಂಥ ಹೆಚ್ಚಿನ ಪಾಲಿಸಿಗಳಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ 25 ವರ್ಷದವರೆಗೆ ಮಾತ್ರ ಜಾಗ. ಅದೂ ಅವರು ನಿಮ್ಮನ್ನು ಅವಲಂಬಿಸಿದ್ದರೆ. 2020ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಾಗಿ ಬಂದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲಿ, 18 ದಾಟಿದ ಮಗ ಅಥವಾ ಮಗಳು ಸ್ವಂತ ದುಡಿಮೆಗೆ ನಿಂತರೆ ಮುಂದಿನ ನವೀಕರಣದಿಂದ ಅವರಿಗೆ ರಕ್ಷಣೆ ಇಲ್ಲ. ಮಗಳ ಮದುವೆಯಾದರೂ ನಿಮ್ಮ ಪಾಲಿಸಿಯ ನಿಯಮವನ್ನು ಒಮ್ಮೆ ಓದಿ.

ಕಾರ್ಖಾನೆ, ಅಂಗಡಿಗಳಲ್ಲಿ ದುಡಿಯುವವರ ಇ.ಎಸ್.ಐ.ನಲ್ಲಿ ಲೆಕ್ಕ ಬೇರೆ. ಅಲ್ಲಿ ಅವಲಂಬಿತ ಮಗ ಓದುತ್ತಿದ್ದರೆ 21 ತುಂಬುವವರೆಗೆ ಚಿಕಿತ್ಸೆ ಸಿಗುತ್ತದೆ. ಅವಲಂಬಿತಳಾದ ಅವಿವಾಹಿತ ಮಗಳಿಗೆ ಈ ವಯೋಮಿತಿ ಇಲ್ಲ. ಬಿ.ಪಿ.ಎಲ್. ಕಾರ್ಡು ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಮಕ್ಕಳ ಹೆಸರು ರೇಷನ್ ಕಾರ್ಡಿನಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಇನ್ನು ಮುಖ್ಯ ವಿಷಯ. ನಿಮ್ಮ ಮಗನಿಗೆ ದಮ್ಮು ಇದೆ ಎಂದಿಟ್ಟುಕೊಳ್ಳಿ. ಪಾಲಿಸಿ ಮಾಡಿಸುವ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರ ನಿಯಮದಂತೆ ಅದು 3 ವರ್ಷ ಮೀರುವಂತಿಲ್ಲ. ನಿಮ್ಮ ಪಾಲಿಸಿಯಲ್ಲಿ ಅವನು ಆ ವರ್ಷಗಳನ್ನು ಕಳೆದಿದ್ದಾನೆ. ಆದರೆ ಹೊರಬಂದ ಮೇಲೆ ಒಂದೆರಡು ವರ್ಷ ಸುಮ್ಮನಿದ್ದು ಹೊಸ ಪಾಲಿಸಿ ತೆಗೆದುಕೊಂಡರೆ, ಕಾಯುವ ಲೆಕ್ಕ ಮತ್ತೆ ಮೊದಲಿನಿಂದ ಶುರು. ಬಿಡುವು ಕೊಡದೆ ಅದೇ ಕಂಪನಿಯಲ್ಲಿ ಅವನ ಹೆಸರಿಗೆ ಪ್ರತ್ಯೇಕ ಪಾಲಿಸಿಗೆ ವರ್ಗ ಮಾಡಿಸಿದರೆ, ಕಳೆದ ವರ್ಷಗಳು ಹಳೆಯ ಮೊತ್ತದ ಮಟ್ಟಿಗೆ ಅವನ ಲೆಕ್ಕಕ್ಕೇ ಬರುತ್ತವೆ. ಇದಕ್ಕೆ ಮೈಗ್ರೇಶನ್ ಎನ್ನುತ್ತಾರೆ. ಬೇರೆ ಕಂಪನಿಗೆ ಹೋಗುವುದು ಪೋರ್ಟಬಿಲಿಟಿ. ಆ ಕಂಪನಿ ಅರ್ಜಿಯನ್ನು ಒಪ್ಪದೆಯೂ ಇರಬಹುದು. ಆದ್ದರಿಂದ ನವೀಕರಣದ ದಿನಕ್ಕೆ ಎರಡು ತಿಂಗಳು ಮೊದಲೇ ವಿಚಾರಿಸಿ.

ಕೆಲವು ತಂದೆಯರು, “ದಮ್ಮು ಅಂತ ಚೀಟಿಯಲ್ಲಿ ಬರೆಯಬೇಡಿ, ವಿಮೆಯವರು ತಕರಾರು ಮಾಡುತ್ತಾರೆ” ಎಂದು ನನ್ನನ್ನು ಕೇಳುತ್ತಾರೆ. ನಾನು ಬರೆದೇ ಬರೆಯುತ್ತೇನೆ. ಮುಚ್ಚಿಟ್ಟ ಕಾಯಿಲೆ ಹೊರಬಿದ್ದರೆ ಕ್ಲೇಮು ತಿರಸ್ಕೃತವಾಗುತ್ತದೆ, ಪಾಲಿಸಿಯೂ ರದ್ದಾಗಬಹುದು. ವರ್ಷಗಟ್ಟಲೆ ಕಟ್ಟಿದ ಹಣ ಕಷ್ಟದ ದಿನ ಕೈಕೊಡುತ್ತದೆ. ಸುಳ್ಳು ಹೇಳುವುದು ಅಲ್ಲಾಹನ ಮುಂದೆಯೂ ತಪ್ಪು, ಲೆಕ್ಕದಲ್ಲೂ ನಷ್ಟ.

ಯುನಾನಿ ಚಿಕಿತ್ಸೆಗೆ ವಿಮೆ ಸಿಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಮಾನ್ಯತೆ ಪಡೆದ ಆಯುಷ್ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆದ ಚಿಕಿತ್ಸೆಗೆ ಸಿಗುತ್ತದೆ. ನನ್ನಂಥವರ ಕ್ಲಿನಿಕ್ಕಿನಲ್ಲಿ ಕೊಳ್ಳುವ ಮಾಜೂನ್, ಶರಬತ್ತಿಗೆ ಸಾಮಾನ್ಯವಾಗಿ ಸಿಗುವುದಿಲ್ಲ.

ವಿಮೆ ಶರೀಅತ್ತಿನ ಪ್ರಕಾರ ಸರಿಯೇ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವನು ನಾನಲ್ಲ. ಅದನ್ನು ನೀವು ನಂಬುವ ಆಲಿಮರಲ್ಲಿ ಕೇಳಿ. ಆದರೆ ಈಗಾಗಲೇ ಪಾಲಿಸಿ ಇರುವವರು ಇಂದು ರಾತ್ರಿಯೇ ಕಪಾಟಿನಿಂದ ಅದನ್ನು ತೆಗೆಯಿರಿ. ಮೂರು ವಿಷಯ ನೋಡಿ: ಮಕ್ಕಳ ವಯೋಮಿತಿ ಎಷ್ಟು, ನವೀಕರಣ ಯಾವ ದಿನ, ಮಕ್ಕಳ ಕಾಯಿಲೆಗಳನ್ನು ಸರಿಯಾಗಿ ತಿಳಿಸಿದ್ದೀರಾ. ನಂತರ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅವರಿಂದಲೇ ಓದಿಸಿ. ಇನ್ನು ಮುಂದೆ ಅದನ್ನು ನೋಡಿಕೊಳ್ಳಬೇಕಾದವರು ಅವರೇ.