ಚೆಕ್ ಕೊಟ್ಟರೆ ಮೇಟ್ ಆಗಲ್ಲ

‘ಚೆಕ್ ಸಿಕ್ಕರೆ ಬಿಡಬೇಡ.’ ಕುರೆಕುಪ್ಪ, ತೋರಣಗಲ್ಲು ಕಡೆ ಚೆಸ್ ಕಲಿಯುವ ಮಕ್ಕಳಿಗೆ ಪಕ್ಕದಲ್ಲಿ ನಿಂತ ದೊಡ್ಡವರು ಮೊದಲು ಹೇಳುವ ಬುದ್ಧಿಮಾತು ಇದು. ಮಗು ರಾಣಿಯನ್ನು ನುಗ್ಗಿಸಿ ಚೆಕ್ ಕೊಡುತ್ತದೆ, ಎದುರಾಳಿಯ ರಾಜ ಒಂದು ಮನೆ ಸರಿಯುತ್ತಾನೆ. ಮತ್ತೆ ಚೆಕ್, ಮತ್ತೊಂದು ಮನೆ. ನಾಲ್ಕೈದು ಚೆಕ್ ಮುಗಿಯುವ ಹೊತ್ತಿಗೆ ರಾಜ ಇನ್ನೂ ಭದ್ರವಾದ ಜಾಗ ಸೇರಿರುತ್ತಾನೆ, ರಾಣಿ ಮಾತ್ರ ಎದುರು ಪಾಳೆಯದಲ್ಲಿ ಒಂಟಿಯಾಗಿರುತ್ತದೆ. ತಪ್ಪು ಮಗುವಿನದಲ್ಲ, ಹೇಳಿಕೊಟ್ಟ ಮಾತಿನದು.

ಮೇಟ್ ಆಗಲು ಎರಡು ಕೂಡಿಬರಬೇಕು. ರಾಜನ ಮೇಲೆ ಏಟು ಬೀಳಬೇಕು, ರಾಜನಿಗೆ ಹೋಗಲು ಮನೆಯಾಗಲಿ, ಆ ಏಟನ್ನು ತಪ್ಪಿಸಲು ಬೇರೆ ದಾರಿಯಾಗಲಿ ಇರಬಾರದು. ಚೆಕ್ ಅಂದರೆ ಮೊದಲನೆಯದಷ್ಟೇ, ಅದು ಸುಲಭದ ಅರ್ಧ. ದಾಳಿಯ ಗೆಲ್ಲುವ ನಡೆ ಹುಡುಕುವವರು ಎರಡನೆಯದರಿಂದ ಶುರುಮಾಡಬೇಕು: ರಾಜ ಎಲ್ಲಿಗೆ ಹೋಗಬಲ್ಲ? ಆ ಮನೆಗಳನ್ನು ಯಾರು ಮುಚ್ಚಿದ್ದಾರೆ? ಉಳಿದ ಒಂದನ್ನು ಮುಚ್ಚುವುದು ಹೇಗೆ?

ನಮ್ಮ ಕಡೆಯವರಿಗೆ ಇದು ಹೊಸ ವಿಚಾರವಲ್ಲ. ಹಂಪಿಯ ಮಂಟಪಗಳ ಕಲ್ಲುನೆಲದಲ್ಲಿ ಕೊರೆದ ಗೆರೆಗಳನ್ನು ಕಂಡ ಕೂಡಲೇ ಚದುರಂಗದ ಮನೆ ಎಂದುಕೊಳ್ಳುವವರಿದ್ದಾರೆ. ಕೃಷ್ಣದೇವರಾಯನ ಜೊತೆ ಚದುರಂಗವಾಡಿ ಕವಿ ಬೊಡ್ಡುಚೆರ್ಲ ತಿಮ್ಮಣ್ಣ ಕೊಪ್ಪೋಲು ಗ್ರಾಮವನ್ನು ಉಂಬಳಿಯಾಗಿ ಪಡೆದನೆಂಬ ಐತಿಹ್ಯ ತೆಲುಗಿನಲ್ಲಿ ಇದೆ, ನಿಜ. ಆದರೆ ಆ ನೆಲದ ಗೆರೆಗಳಲ್ಲಿ ಆಡು–ಹುಲಿಯಂಥ ಆಟದ ಮನೆಗಳೂ ಇವೆ. ಆಡು ಹುಲಿಯನ್ನು ಹೊಡೆಯುವಂತಿಲ್ಲ, ಸುತ್ತುವರಿದು ಕದಲದಂತೆ ಕಟ್ಟಿಹಾಕಿ ಗೆಲ್ಲುತ್ತದೆ. ರಾಜನ ಮೇಲಿನ ದಾಳಿಯೂ ಹೆಚ್ಚುಪಾಲು ಅದೇ ಕೆಲಸ.

ಮಾತಿಗಿಂತ ಕಾಯಿ ಜೋಡಿಸಿ ನೋಡುವುದೇ ಸರಿ. ಬಿಳಿಯ ರಾಜ ಜಿ1, ರಾಣಿ ಇ6, ಕುದುರೆ ಜಿ5, ಕಾಲಾಳುಗಳು ಎಫ್2, ಜಿ2, ಎಚ್2. ಕಪ್ಪಿನ ರಾಜ ಎಚ್8, ರಾಣಿ ಎ4, ಆನೆ ಎ8, ಕಾಲಾಳುಗಳು ಜಿ7, ಎಚ್7. ನಡೆ ಬಿಳಿಯದು.

ಇಲ್ಲಿ ಎರಡನೆಯ ತಪ್ಪು ಕಲ್ಪನೆ ಕೈಹಿಡಿದು ಎಳೆಯುತ್ತದೆ: ‘ದೊಡ್ಡ ಕಾಯಿ ಬಲಿಕೊಟ್ಟರೆ ಅದೇ ದೊಡ್ಡ ದಾಳಿ.’ ರಾಣಿಯ ಬಲಿಯನ್ನು ಎಲ್ಲೋ ನೋಡಿದ ಹುಡುಗ ತಕ್ಷಣ ರಾಣಿಯನ್ನು ಜಿ8ಕ್ಕೆ ಇಡುತ್ತಾನೆ. ಆನೆ ಹೊಡೆದರೆ ಕುದುರೆ ಎಫ್7ಕ್ಕೆ ಹಾರಿ ಮೇಟ್. ಆದರೆ ಆನೆಯೇ ಯಾಕೆ ಹೊಡೆಯಬೇಕು? ಜಿ8ರಲ್ಲಿ ರಾಣಿಗೆ ಕಾವಲಿಲ್ಲ, ರಾಜನೇ ಹೊಡೆಯುತ್ತಾನೆ. ಆಟ ಅಲ್ಲಿಗೆ ಹೋಯಿತು. ಎದುರಾಳಿ ತಪ್ಪಲಿ ಎಂದು ಕಾಯುವುದು ದಾಳಿಯಲ್ಲ.

ಈಗ ಮನೆಗಳನ್ನು ಎಣಿಸೋಣ. ಕಪ್ಪು ರಾಜನ ಸುತ್ತ ಇರುವುದು ಮೂರೇ: ಜಿ7, ಎಚ್7, ಜಿ8. ಮೊದಲೆರಡನ್ನು ಅವನ ಕಾಲಾಳುಗಳೇ ಮುಚ್ಚಿವೆ. ಜಿ8 ಒಂದೇ ಬಾಕಿ. ಅದನ್ನೂ ಅವನ ಕಾಯಿಯಿಂದಲೇ ಮುಚ್ಚಿಸಿದರೆ ಕುದುರೆಯ ಒಂದು ಚೆಕ್ ಸಾಕು. ಹಾಗಾಗಿ ಮೊದಲು ಕುದುರೆ ಎಫ್7, ಚೆಕ್. ರಾಜ ಜಿ8ಕ್ಕೆ ಬರಲೇಬೇಕು. ಕುದುರೆ ಎಚ್6ಕ್ಕೆ: ಕುದುರೆಯದೂ ಚೆಕ್, ದಾರಿ ತೆರೆದದ್ದರಿಂದ ರಾಣಿಯದೂ ಚೆಕ್. ಎರಡೂ ಕಡೆಯಿಂದ ಏಟು ಬಿದ್ದಾಗ ಯಾವ ಕಾಯಿಯನ್ನು ಹೊಡೆದರೂ ಉಪಯೋಗವಿಲ್ಲ, ರಾಜನೇ ಕದಲಬೇಕು. ಎಫ್8ಕ್ಕೆ ಹೋದರೆ ರಾಣಿ ಎಫ್7ರಲ್ಲಿ ಮೇಟ್. ಎಚ್8ಕ್ಕೆ ಮರಳಿದರೆ ಆಗ ರಾಣಿ ಜಿ8ಕ್ಕೆ. ಈ ಸಲ ಎಚ್6ರ ಕುದುರೆಯ ಕಾವಲಿದೆ, ರಾಜ ಹೊಡೆಯುವಂತಿಲ್ಲ, ಆನೆಯೇ ಬರಬೇಕು. ಆನೆ ಬಂದು ಕೊನೆಯ ಮನೆಯನ್ನು ತುಂಬಿತು. ಕುದುರೆ ಎಫ್7, ಮೇಟ್.

ಅದೇ ಮನೆ, ಅದೇ ಬಲಿ. ಮೊದಲ ನಡೆಯಲ್ಲಿ ಕೊಟ್ಟರೆ ಸೋಲು, ಮೂರನೆಯದರಲ್ಲಿ ಕೊಟ್ಟರೆ ಗೆಲುವು. ಇಲ್ಲಿ ಎಲ್ಲವೂ ಚೆಕ್ಕೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, ಚೆಕ್‌ಗಳನ್ನು ಮೊದಲು ಪರೀಕ್ಷಿಸಬೇಕು, ಅವು ಎದುರಾಳಿಯ ಕೈ ಕಟ್ಟುತ್ತವೆ. ಆದರೆ ಪರೀಕ್ಷಿಸುವುದು ಬೇರೆ, ಆಡಿಬಿಡುವುದು ಬೇರೆ. ಈ ಮೇಟ್‌ಗೆ 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್‌ನ ಹೆಸರು ಅಂಟಿಕೊಂಡಿದೆ, ಕಂಡುಹಿಡಿದವನು ಅವನಲ್ಲ. ಸ್ಪೇನಿನ ಲುಸೇನಾ 1497ರಲ್ಲಿ ಅಚ್ಚುಹಾಕಿಸಿದ ಪುಸ್ತಕದಲ್ಲೇ ಇದು ಸಿಗುತ್ತದೆ.

‘ದೊಡ್ಡ ಆಟಗಾರರು ಇಪ್ಪತ್ತು ನಡೆ ಮುಂದೆ ನೋಡುತ್ತಾರೆ’ ಎಂಬ ಮಾತು ಮಕ್ಕಳನ್ನು ಹೆದರಿಸಿಬಿಟ್ಟಿದೆ. ಡಚ್ ಮನಶ್ಶಾಸ್ತ್ರಜ್ಞ ಆಡ್ರಿಯಾನ್ ಡೆ ಗ್ರೂಟ್ ಅಲೆಖಿನ್‌ರಂಥ ವಿಶ್ವಚಾಂಪಿಯನ್ನರ ಮುಂದೆ ಕಾಯಿಗಳನ್ನಿಟ್ಟು, ಯೋಚನೆಯನ್ನು ಬಾಯಿಬಿಟ್ಟು ಹೇಳಿಸಿ 1946ರಲ್ಲಿ ಪ್ರಕಟಿಸಿದ. ಅವರು ಸಾಮಾನ್ಯ ಕ್ಲಬ್ ಆಟಗಾರರಿಗಿಂತ ಬಹಳ ಆಳಕ್ಕೆ ಲೆಕ್ಕ ಹಾಕುತ್ತಿರಲಿಲ್ಲ. ಸರಿಯಾದ ನಡೆಯ ಕಡೆಗೆ ಬೇಗ ತಿರುಗುತ್ತಿದ್ದರು. 1973ರಲ್ಲಿ ಚೇಸ್ ಮತ್ತು ಸೈಮನ್ ಪ್ರಕಟಿಸಿದ ಪ್ರಯೋಗದಲ್ಲಿ, ನಿಜವಾದ ಆಟದ ಕಾಯಿಗಳನ್ನು ಕೆಲವೇ ಕ್ಷಣ ನೋಡಿ ಮತ್ತೆ ಜೋಡಿಸುವುದರಲ್ಲಿ ಬಲಿಷ್ಠ ಆಟಗಾರ ಬಹಳ ಮುಂದಿದ್ದ. ಅದೇ ಕಾಯಿಗಳನ್ನು ಎಲ್ಲೆಂದರಲ್ಲಿ ಚೆಲ್ಲಿಟ್ಟಾಗ ಆ ಮೇಲುಗೈ ಬಹುಪಾಲು ಕರಗಿತು. ಅಂದರೆ ಅದು ಹುಟ್ಟಾ ನೆನಪಿನ ಶಕ್ತಿಯಲ್ಲ, ಆಡಿ ಆಡಿ ಕೂಡಿಟ್ಟ ಚಿತ್ರಗಳು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ಪಟ್ಟಕ್ಕೇರಿದ್ದು 2017ರಲ್ಲಿ, ವಯಸ್ಸು ಮೂವತ್ತು ದಾಟಿದ ಮೇಲೆ. ಹತ್ತು ವರ್ಷಕ್ಕೆ ಮಿಂಚದ ಮಗುವಿಗೆ ಚೆಸ್ ಒಲಿಯದು ಎನ್ನುವವರು ಇದನ್ನು ನೆನಪಿಡಬೇಕು.

ಹೊಳೆಯುವ ನಡೆ ಆ ಕ್ಷಣದಲ್ಲೇ ಹುಟ್ಟುತ್ತದೆ ಎಂಬುದೂ ಪೂರ್ತಿ ನಿಜವಲ್ಲ. 2013ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಝೀಯಲ್ಲಿ ವಿಶ್ವನಾಥನ್ ಆನಂದ್ ಕಪ್ಪು ಕಾಯಿಗಳಲ್ಲಿ ಲೆವೊನ್ ಅರೋನಿಯನ್‌ರನ್ನು 23 ನಡೆಗಳಲ್ಲಿ ಸೋಲಿಸಿದರು. ಹದಿನಾರನೆಯ ನಡೆಯಲ್ಲಿ ಅವರ ಒಂದು ಒಂಟೆ, ಎರಡು ಕುದುರೆಗಳು ಒಟ್ಟಿಗೇ ಹೊಡೆತದ ಬಾಯಲ್ಲಿದ್ದವು. ನೋಡಿದವರಿಗೆ ಪವಾಡ. ಆ ದಾರಿಯ ಬೇರು 2012ರಲ್ಲಿ ಗೆಲ್ಫಾಂಡ್ ವಿರುದ್ಧದ ವಿಶ್ವಚಾಂಪಿಯನ್ ಪಟ್ಟದ ಪಂದ್ಯಕ್ಕೆ ಅವರು ಮಾಡಿಕೊಂಡ ತಯಾರಿಯಲ್ಲಿತ್ತು. 1907ರಲ್ಲಿ ಲೋಡ್ಜ್‌ನಲ್ಲಿ ರುಬಿನ್‌ಸ್ಟೈನ್ ಆಡಿದ ಪ್ರಸಿದ್ಧ ಆಟದ ನೆನಪೂ ಅದರಲ್ಲಿತ್ತು. ತಯಾರಿ ಇತ್ತೆಂದ ಮಾತ್ರಕ್ಕೆ ಆಟದ ಸೊಗಸು ಕಡಿಮೆಯಾಗಲಿಲ್ಲ, ನನಗಂತೂ ಹೆಚ್ಚಾಯಿತು.

ಕೊನೆಯದು, ಮೊಬೈಲಿನಲ್ಲಿ ಪಜಲ್ ಬಿಡಿಸುವ ಮಕ್ಕಳಿಗೆ. ಪಜಲ್‌ನಲ್ಲಿ ಗೆಲುವು ಇದೆ ಎಂದು ಮೊದಲೇ ಗೊತ್ತಿರುತ್ತದೆ. ಆಟದಲ್ಲಿ ಯಾರೂ ಹಾಗೆ ಕಿವಿಯಲ್ಲಿ ಹೇಳುವುದಿಲ್ಲ, ಎಷ್ಟೋ ಸಲ ಅಲ್ಲಿ ಗೆಲುವು ಇರುವುದೇ ಇಲ್ಲ. ಮೊದಲ ಅಧಿಕೃತ ವಿಶ್ವಚಾಂಪಿಯನ್ ಸ್ಟೈನಿಟ್ಜ್ ಕಲಿಸಿದ್ದು ಇದನ್ನೇ: ಮೇಲುಗೈ ಇಲ್ಲದೆ ಮಾಡಿದ ದಾಳಿ ಸರಿಯಾದ ರಕ್ಷಣೆಯ ಮುಂದೆ ನಿಲ್ಲುವುದಿಲ್ಲ. ಮೇಲಿನ ಜೋಡಣೆಯಲ್ಲಿ ಕಪ್ಪಿನ ಆನೆಯನ್ನು ಎ8ರಿಂದ ಎಫ್8ಕ್ಕೆ ಸರಿಸಿ, ಬೇರೇನೂ ಮುಟ್ಟದೆ ಮಗುವಿನ ಮುಂದಿಡಿ. ಈಗ ಎಫ್7ಕ್ಕೆ ಹಾರಿದ ಕುದುರೆಯನ್ನು ಆನೆ ಹೊಡೆಯುತ್ತದೆ. ಬಿಳಿ ರಾಣಿ ಆ ಆನೆಯನ್ನು ಹೊಡೆದರೆ, ಅಷ್ಟು ಹೊತ್ತು ಎ4ರಲ್ಲಿ ಸುಮ್ಮನಿದ್ದ ಕಪ್ಪು ರಾಣಿ ಡಿ1ಕ್ಕೆ ಇಳಿಯುತ್ತದೆ. ತನ್ನದೇ ಮೂರು ಕಾಲಾಳುಗಳ ಹಿಂದೆ ಸಿಕ್ಕಿಕೊಂಡ ಬಿಳಿ ರಾಜನಿಗೆ ಅಲ್ಲೇ ಮೇಟ್.