ನೆರಳು ಕಪ್ಪಲ್ಲ: ರುಮಾಲೆ ಚನ್ನಬಸವಯ್ಯನವರ ಬಣ್ಣ

ವಿಜಯಪುರದಿಂದ ತಿಕೋಟಾ, ಬಬಲೇಶ್ವರದ ಕಡೆ ಹೋಗುವಾಗ ಕಾಣುವ ಎರೆಹೊಲದ ಬಣ್ಣ ಯಾವುದು ಅಂದ್ರ, ಎಲ್ಲರೂ ಕಪ್ಪು ಅಂತೀವಿ. ಇಳಿಹೊತ್ತಿನ ಬಿಸಿಲಿನಾಗ ನೋಡ್ರಿ, ಅದರೊಳಗ ನೇರಳೆ, ಕಂದು ಎಲ್ಲಾ ಅದಾವ. ವಸ್ತುವಿನ ಬದಲು ಅದರ ಮೇಲೆ ಬಿದ್ದ ಬೆಳಕನ್ನು ಚಿತ್ರಿಸುವುದೇ ಇಂಪ್ರೆಷನಿಸಂ. 1874ರ ಪ್ಯಾರಿಸ್ ಪ್ರದರ್ಶನದಲ್ಲಿದ್ದ ಮೊನೆಯ ಚಿತ್ರದ ಶೀರ್ಷಿಕೆಯಿಂದ ಆ ಹೆಸರು ಬಂತು.

ಕನ್ನಡ ನಾಡಿನಲ್ಲಿ ನನಗೆ ತಟ್ಟನೆ ನೆನಪಾಗುವವರು ರುಮಾಲೆ ಚನ್ನಬಸವಯ್ಯ. 1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಹುಟ್ಟಿದವರು. ಬೆಂಗಳೂರಿನ ಕಲಾಮಂದಿರದಲ್ಲಿ ಅ.ನ. ಸುಬ್ಬರಾವ್ ಅವರ ಹತ್ತಿರ ಕಲಿತರು. ಸ್ವಾತಂತ್ರ್ಯ ಹೋರಾಟಕ್ಕೆ ಇಳಿದಾಗ ಕುಂಚ ಬದಿಗೆ ಸರಿಯಿತು. 'ತಾಯಿನಾಡು' ಪತ್ರಿಕೆ, ವಿಧಾನ ಪರಿಷತ್ತು ಎಲ್ಲಾ ಆಗಿ, ಐವತ್ತು ದಾಟಿದ ಮೇಲೆ ಪೂರ್ಣವಾಗಿ ಚಿತ್ರಕ್ಕೆ ಮರಳಿದರು.

ಬಯಲಲ್ಲೇ ಕುಳಿತು ಹೂಬಿಟ್ಟ ಮರಗಳನ್ನು ಬರೆದರು. ಹತ್ತಿರ ನಿಂತರೆ ಬರೀ ಬಣ್ಣದ ತುಣುಕು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗುಲ್‌ಮೊಹರ್ ಉರಿಯುತ್ತದೆ.

1988ರಲ್ಲಿ ಅವರು ಹೋದರು. ಆಮೇಲೆ ಬೆಂಗಳೂರಿನ ಎಷ್ಟೋ ಸಾಲುಮರಗಳೂ ಹೋದವು. ಊರು ಹೇಗಿತ್ತು ಅನ್ನೋದಕ್ಕೆ ಆ ಕ್ಯಾನ್ವಾಸುಗಳೇ ಸಾಕ್ಷಿ. ನಮ್ಮ ಕಡೆಯೂ ರಸ್ತೆ ಅಗಲ ಆಗ್ಲಿಕ್ಕತ್ತಾವ. ಚಿತ್ರ ಬರೆಯೋ ಮಕ್ಕಳಿಗೆ ಹೇಳ್ರಿ: ನೆರಳಿಗೆ ಕಪ್ಪು ಹಚ್ಚೋ ಮೊದಲು ಹೊರಗ ಬಂದು ಒಮ್ಮೆ ನೋಡ್ರಿ.