ಗಿರಿಜನ ಕಿಶೋರರ ದಂತಾರೋಗ್ಯ

ಶರೀರದ ಆರೋಗ್ಯಕ್ಕೆ ಬಾಯಿಯೇ ಹೆಬ್ಬಾಗಿಲು. ಹಾಗಿದ್ದರೂ ಆರೋಗ್ಯ ಕಾರ್ಯಗಳ ಯಾದಿಯಲ್ಲಿ ಹಲ್ಲಿಗೆ ದೊರೆಯುವುದು ಕೊನೆಯ ಸ್ಥಾನ. ಹಲ್ಲುನೋವು ಪ್ರಾಣಾಂತಿಕವಲ್ಲವೆಂಬ ಭಾವನೆ ಇದಕ್ಕೆ ಕಾರಣವಾಗಿರಬೇಕು. ಆದರೆ ರಾತ್ರಿಯೆಲ್ಲ ಕೆನ್ನೆಗೆ ಕೈಯೊತ್ತಿ ಕುಳಿತ ಬಾಲಕನು ಮರುದಿನ ಗಣಿತದ ಪಾಠವನ್ನು ಎಷ್ಟರಮಟ್ಟಿಗೆ ಗ್ರಹಿಸಬಲ್ಲನೆಂಬುದನ್ನು ಶಿಕ್ಷಕರೇ ಬಲ್ಲರು. ಪಟ್ಟಣದ ಹುಡುಗನಿಗೆ ಈ ನೋವು ಎರಡು ದಿನಗಳದ್ದು. ದಂತವೈದ್ಯರ ಮುಖವನ್ನೇ ಕಾಣದ ಕಾಡಿನ ಹುಡುಗನಿಗೆ ಅದು ತಿಂಗಳುಗಟ್ಟಲೆಯ ಸಂಗಾತಿ.

ಕೃಷ್ಣಾತೀರದ ಶಿರಗುಪ್ಪಿಯಂಥ ಕಬ್ಬಿನ ಸೀಮೆಯ ವಾಚಕರಿಗೆ ಸೋಲಿಗರು, ಜೇನುಕುರುಬರು ದೂರದವರೆಂದು ತೋರಬಹುದು. ಆದರೆ ಆ ಮಕ್ಕಳ ಹಲ್ಲನ್ನು ಕೆಡಿಸುವ ಎರಡು ಪದಾರ್ಥಗಳು ಈ ಸೀಮೆಗೆ ಚಿರಪರಿಚಿತವಾದವು. ಉಗಾರದಿಂದ ಮೊದಲ್ಗೊಂಡು ಸುತ್ತಲ ಕಾರ್ಖಾನೆಗಳಲ್ಲಿ ಸಿದ್ಧವಾಗುವ ಸಕ್ಕರೆ ಒಂದು. ನಿಪ್ಪಾಣಿ ಭಾಗದ ಹೊಲಗಳಲ್ಲಿ ಬೆಳೆಯುವ ತಂಬಾಕು ಇನ್ನೊಂದು. ಅಲ್ಲದೆ ಪರಿಶಿಷ್ಟ ಪಂಗಡದವರು ಕೇವಲ ದಕ್ಷಿಣದ ಕಾಡುಗಳಲ್ಲಿಲ್ಲ. ನಾಯಕರು, ಹರಣಶಿಕಾರಿಗಳು, ಮೇದಾರರು ನಮ್ಮ ನಾಡಿನ ಬಯಲಿನಲ್ಲಿಯೂ ಇದ್ದಾರೆ. ಉತ್ತರ ಕನ್ನಡದ ಸಿದ್ಧಿಯರು 2003ರಲ್ಲಿಯೂ, ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ಧಿಯರು 2020ರಲ್ಲಿಯೂ ಆ ಪಟ್ಟಿಗೆ ಸೇರಿದರು.

ಹಲ್ಲಿನ ವಿಷಯದಲ್ಲಿ ಆರರಿಂದ ಹದಿನೆಂಟರವರೆಗಿನ ವಯಸ್ಸು ನಿರ್ಣಾಯಕವಾದದ್ದು. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂಬದಿಯಲ್ಲಿ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದು ಯಾವ ಹಾಲುಹಲ್ಲನ್ನೂ ಬೀಳಿಸಿ ಬರುವುದಿಲ್ಲವಾದ್ದರಿಂದ ತಂದೆತಾಯಿಗಳು ಅದನ್ನೂ ಹಾಲುಹಲ್ಲೆಂದೇ ಭ್ರಮಿಸಿ, ಕೆಟ್ಟರೆ ಬಿದ್ದು ಹೊಸದು ಬರುವುದೆಂದು ಸುಮ್ಮನಿರುತ್ತಾರೆ. ಎರಡನೆಯ ದವಡೆಹಲ್ಲು ಬರುವುದು ಹನ್ನೆರಡರ ಹೊತ್ತಿಗೆ. ಹದಿಮೂರು ವರ್ಷದ ಬಾಯಿಯಲ್ಲಿ ಸಾಮಾನ್ಯವಾಗಿ 28 ಶಾಶ್ವತ ಹಲ್ಲುಗಳಿರುತ್ತವೆ. ಆಯುಷ್ಯವಿಡೀ ಅನ್ನವನ್ನು ಅರೆಯಬೇಕಾದವು ಅವೇ.

ಹಲ್ಲು ಹುಳುಕಾಗುವುದೆಂದರೆ ಅದರೊಳಗೆ ಹುಳು ಹೊಕ್ಕುವುದಲ್ಲ. ಜಾತ್ರೆಗಳಲ್ಲಿ ಹೊಗೆ ಹಾಕಿ ಹುಳು ತೆಗೆದು ತೋರಿಸುವವರ ಕೈಚಳಕವನ್ನು ನಂಬಿದವರು ಈಗಲೂ ಇದ್ದಾರೆ! ಹಲ್ಲಿನ ಮೇಲೆ ಅಂಟಿಕೊಳ್ಳುವ ತೆಳುಪೊರೆಯಲ್ಲಿ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೊದಲಾದ ಸೂಕ್ಷ್ಮಾಣುಗಳು ವಾಸಿಸುತ್ತವೆ. ಅವು ಸಕ್ಕರೆಯನ್ನು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಬಾಯಿಯ ಪಿ.ಎಚ್. ಮಾನವು ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಗವಚವಾದ ಎನಾಮೆಲ್ಲಿನ ಖನಿಜಾಂಶ ಕರಗಲಾರಂಭಿಸುತ್ತದೆ. ಜೊಲ್ಲುರಸವು ನಿಧಾನವಾಗಿ ಆ ಆಮ್ಲವನ್ನು ತಣಿಸಿ, ಕರಗಿದ ಖನಿಜವನ್ನು ಮರಳಿ ತುಂಬುತ್ತದೆ. ಆದರೆ ಅದಕ್ಕೆ ಅವಕಾಶ ಬೇಕು. ಊಟದೊಡನೆ ಒಮ್ಮೆ ಸಿಹಿ ತಿಂದರೆ ಆ ಅವಕಾಶವಿರುತ್ತದೆ; ಗಳಿಗೆಗೊಮ್ಮೆ ಮಿಠಾಯಿ ಚೀಪಿದರೆ ಇರುವುದಿಲ್ಲ. ಎಷ್ಟು ತಿಂದರೆಂಬುದಕ್ಕಿಂತ ಎಷ್ಟು ಸಲ, ಎಷ್ಟು ಅಂಟುವಂಥದ್ದನ್ನು ತಿಂದರೆಂಬುದೇ ಮುಖ್ಯವೆಂಬುದು 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಮ್‌ನಲ್ಲಿ ನಡೆದ ಪ್ರಯೋಗದಿಂದ ಸ್ಪಷ್ಟವಾಯಿತು. ಮಾನಸಿಕವಾಗಿ ಅಶಕ್ತರಾದ ಆಶ್ರಿತರಿಗೆ ಉದ್ದೇಶಪೂರ್ವಕವಾಗಿ ಮಿಠಾಯಿ ತಿನ್ನಿಸಿ ಅವರ ಹಲ್ಲನ್ನು ಕೆಡಿಸಿ ಪಡೆದ ಜ್ಞಾನವದು. ಅಸಹಾಯಕರಿಗಾದ ಈ ಅನ್ಯಾಯವನ್ನು ಮರೆತು ಅದರ ಫಲವನ್ನಷ್ಟೇ ಹೇಳುವುದು ತರವಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಾಳಿನಲ್ಲಿ ಈ ಬದಲಾವಣೆಯು ಒಂದೆರಡು ತಲೆಮಾರಿನಲ್ಲಿಯೇ ನಡೆಯಿತು. ರಾಗಿ, ಗೆಡ್ಡೆಗೆಣಸು, ಸೊಪ್ಪು, ಕಾಡಿನ ಹಣ್ಣು ಅವರ ಆಹಾರವಾಗಿತ್ತು. ಜೇನೂ ಇತ್ತು, ಆದರೆ ಅದು ಋತುಮಾನದ್ದು. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾದ ಮೇಲೆ ಸ್ಥಳಾಂತರ ಬೇಸಾಯ ನಿಂತು, ಜನರು ಪೋಡುಗಳಲ್ಲಿ ನೆಲೆ ನಿಲ್ಲಬೇಕಾಯಿತು. ಕೂಲಿಯ ಹಣ ಕೈಗೆ ಬಂದಿತು. ಅದರ ಹಿಂದೆಯೇ ಸಕ್ಕರೆಯ ಚಹಾ, ಬಿಸ್ಕತ್ತು, ಬಣ್ಣದ ಮಿಠಾಯಿಗಳೂ ಬಂದವು. 2011ರಲ್ಲಿ ಸೋಲಿಗರಿಗೆ ಅರಣ್ಯದ ಮೇಲಿನ ಸಾಮುದಾಯಿಕ ಹಕ್ಕು ದೊರೆಯಿತಾದರೂ ಬದಲಾದ ನಾಲಗೆ ಹಿಂದಿನಂತಾಗುವುದು ಸುಲಭವಲ್ಲ. ಅಜ್ಜನ ಬಾಯಿಯಲ್ಲಿ ಗಟ್ಟಿಯಾಗಿ ನಿಂತ ಹಲ್ಲು ಮೊಮ್ಮಗನ ಬಾಯಿಯಲ್ಲಿ ಹುಳುಕಾದರೆ, ಅದನ್ನು ಆ ಹುಡುಗನ ಅಶುಚಿತ್ವವೆಂದು ಜರಿಯುವವರು ಈ ಚರಿತ್ರೆಯನ್ನು ಅರಿಯುವುದು ಅವಶ್ಯ.

ತಂಬಾಕಿನ ಕಥೆ ಇನ್ನೂ ಕಠಿಣವಾದದ್ದು. ದಕ್ಷಿಣದಲ್ಲಿ ಎಲೆ ಅಡಿಕೆಯೊಡನೆ ಕಡ್ಡಿಪುಡಿ, ನಮ್ಮ ಗಡಿಭಾಗದಲ್ಲಿ ಮಿಶ್ರಿ. ತಂಬಾಕನ್ನು ಹುರಿದು ಕರಕಲು ಮಾಡಿ ಪುಡಿಗೈದ ಈ ಮಿಶ್ರಿಯನ್ನು ಹಲ್ಲುಪುಡಿಯೆಂದೇ ಭಾವಿಸಿ ಒಸಡಿಗೆ ತಿಕ್ಕುವ ತಾಯಂದಿರಿದ್ದಾರೆ. ಅವರನ್ನು ನೋಡಿ ಹೆಣ್ಣುಮಕ್ಕಳೂ ಕಲಿಯುತ್ತಾರೆ. ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ತಂಬಾಕು ಸೇರಿಸುವುದನ್ನು ಭಾರತ ಸರ್ಕಾರ 1992ರಲ್ಲಿಯೇ ನಿಷೇಧಿಸಿತು. ಮನೆಯ ಹಂಚಿನ ಮೇಲೆ ಹುರಿಯುವುದನ್ನು ಯಾವ ಕಾಯ್ದೆ ತಡೆದೀತು? ಕರ್ನಾಟಕದಲ್ಲಿ ಗುಟಕಾ 2013ರಲ್ಲಿ ನಿಷೇಧಗೊಂಡಾಗ, ಪಾನ್‌ಮಸಾಲೆಯ ಚೀಟಿಯೊಂದು, ತಂಬಾಕಿನ ಚೀಟಿಯೊಂದು ಎಂದು ಎರಡಾಗಿ ಮಾರುವ ಉಪಾಯವನ್ನು ವ್ಯಾಪಾರಿಗಳು ಕಂಡುಕೊಂಡರು. ಅಡಿಕೆಯನ್ನು ಸದಾ ಜಗಿಯುವುದರಿಂದ ಕೆನ್ನೆಯ ಒಳಪದರವು ನಾರುಗಟ್ಟಿ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ. ಮುಂದೆ ಅದು ಅರ್ಬುದಕ್ಕೂ ತಿರುಗಬಹುದು. ವಿದ್ಯಾರ್ಥಿಯು ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಾಗಿ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಇಡಲು ಅಸಮರ್ಥನಾದರೆ ಅವನನ್ನು ವೈದ್ಯರಲ್ಲಿಗೆ ಕಳುಹಿಸಬೇಕು. ಈ ಪರೀಕ್ಷೆಗೆ ಉಪಕರಣ ಬೇಡ, ಖರ್ಚಿಲ್ಲ. ಯಾವ ಶಿಕ್ಷಕರೂ ಮಾಡಬಹುದು.

ಪರಿಹಾರವೆಂದೊಡನೆ ನೆನಪಾಗುವುದು ದಂತ ತಪಾಸಣಾ ಶಿಬಿರ. ಪೆಂಡಾಲು, ಭಾಷಣ, ಸಾಲುಗಟ್ಟಿದ ಮಕ್ಕಳು, ಒಂದೊಂದು ಪೇಸ್ಟಿನ ಕೊಳವೆ, ಭಾವಚಿತ್ರ. ಶಿಬಿರ ನಿಷ್ಪ್ರಯೋಜಕವೆಂದಲ್ಲ, ನೋಯುವ ಹಲ್ಲು ಅಂದು ಹೊರಬರುತ್ತದೆ. ಆದರೆ ಹಲ್ಲು ಕೆಡುವುದು ದಿನದಿನವೂ ನಡೆಯುವ ಕ್ರಿಯೆಯಾದ್ದರಿಂದ ಅದರ ರಕ್ಷಣೆಯೂ ದಿನದಿನದ ಕೆಲಸವೇ ಆಗಬೇಕು. ಆ ಕೆಲಸಕ್ಕೆ ವಸತಿ ಶಾಲೆಗಿಂತ ಯೋಗ್ಯವಾದ ಸ್ಥಳವಿಲ್ಲ. ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಔಷಧದಿಂದ ಆರಂಭವಾಗಿ ಶಾಲೆಯವರೆಗೆ ಬೆಳೆಯಿತು. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು ಹೆಗ್ಗಡದೇವನಕೋಟೆಯ ಗಿರಿಜನರ ನಡುವೆ ಆಸ್ಪತ್ರೆಯನ್ನೂ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆಯನ್ನೂ ನಡೆಸಿತು. ಚಿಕಿತ್ಸೆ ಮತ್ತು ಶಿಕ್ಷಣ ಒಂದೇ ಅಂಗಳದಲ್ಲಿ ನಿಂತರೆ ಏನಾಗಬಹುದೆಂಬುದಕ್ಕೆ ಇವು ನಿದರ್ಶನಗಳು.

ವಸತಿ ಶಾಲೆಯಲ್ಲಿ ಮಾಡಬೇಕಾದದ್ದು ಬಹಳವಿಲ್ಲ. ಬೆಳಿಗ್ಗೆ ಮತ್ತು ರಾತ್ರಿ ಮಲಗುವ ಮುನ್ನ ಎಲ್ಲರೂ ಒಟ್ಟಾಗಿ ಎರಡು ನಿಮಿಷ ಹಲ್ಲುಜ್ಜಬೇಕು. ಬಟಾಣಿಯಷ್ಟು ಫ್ಲೋರೈಡುಳ್ಳ ಪೇಸ್ಟು ಸಾಕು. ಉಗುಳಿದ ಮೇಲೆ ಬಾಯಿಯನ್ನು ನೀರಿನಿಂದ ಬಹಳವಾಗಿ ಮುಕ್ಕಳಿಸಬಾರದು. ಬೇವಿನ, ಜಾಲಿಯ ಕಡ್ಡಿಗಳನ್ನು ಹೀಗಳೆಯಬೇಕಾಗಿಲ್ಲ. ಚೆನ್ನಾಗಿ ಜಗಿದು ಕುಂಚದಂತೆ ಮಾಡಿದ ಕಡ್ಡಿ ಪೊರೆಯನ್ನು ತೆಗೆಯುತ್ತದೆ. ಆದರೆ ಎನಾಮೆಲ್ಲನ್ನು ಗಟ್ಟಿಗೊಳಿಸುವ ಫ್ಲೋರೈಡು ಅದರಲ್ಲಿಲ್ಲ. ಇಟ್ಟಿಗೆಪುಡಿ, ಇದ್ದಿಲುಗಳು ಮಾತ್ರ ಹಲ್ಲನ್ನೇ ಸವೆಸುತ್ತವೆ. ಫ್ಲೋರೈಡೆಂದರೆ ಕೋಲಾರ, ಪಾವಗಡ, ಮುಂಡರಗಿ ಕಡೆಯ ಹಲ್ಲಿನ ಕಂದುಕಲೆಗಳನ್ನು ನೆನೆದು ಅಂಜುವವರುಂಟು. ಆ ಕಲೆಗಳು ಕೊಳವೆಬಾವಿಯ ನೀರನ್ನು ಶೈಶವದಿಂದ ನಿತ್ಯ ಕುಡಿದುದರ ಫಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಬಾರದೆಂಬುದು ಮಿತಿ. ಶಾಲೆಯ ನೀರನ್ನು ಒಮ್ಮೆ ಪರೀಕ್ಷಿಸಿಕೊಂಡರೆ ಈ ಭಯ ನಿವಾರಣೆಯಾಗುತ್ತದೆ. ಉಜ್ಜಿ ಉಗುಳುವ ಪೇಸ್ಟಿನ ಮಾತು ಬೇರೆ.

ಆಗಲೇ ಹುಳುಕಾದ ಹಲ್ಲಿಗೂ ಈಗ ಯಂತ್ರವಿಲ್ಲದ ಉಪಾಯಗಳಿವೆ. ಕೊಳೆತ ಭಾಗವನ್ನು ಕೈ ಉಪಕರಣದಿಂದ ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟನ್ನು ತುಂಬುವ ಕ್ರಮವು 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ವಿದ್ಯುತ್ತಿಲ್ಲದ ಹಳ್ಳಿಗಳಿಗೆಂದು ರೂಪುಗೊಂಡಿತು. ಸಿಲ್ವರ್ ಡಯಾಮಿನ್ ಫ್ಲೋರೈಡೆಂಬ ದ್ರವವನ್ನು ಹುಳುಕಿನ ಮೇಲೆ ಹಚ್ಚಿದರೆ ಅದು ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ. ನೋವಿಲ್ಲ; ಆದರೆ ಹಚ್ಚಿದ ಜಾಗ ಕಪ್ಪಾಗುತ್ತದೆ. ಹದಿನಾಲ್ಕರ ಹುಡುಗಿಯ ಮುಂದಿನ ಹಲ್ಲಿಗೆ ಅವಳನ್ನು ಕೇಳದೆ ಹಚ್ಚುವುದು ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಈ ಎರಡನ್ನೂ, ಫ್ಲೋರೈಡ್ ಪೇಸ್ಟನ್ನೂ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಇದನ್ನು ಮಾಡುವವರು ಯಾರು? ಅಲಾಸ್ಕಾದ ಮೂಲನಿವಾಸಿಗಳು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡರು. ದಂತವೈದ್ಯರು ಬಾರದ ಹಿಮದ ಹಳ್ಳಿಗಳಿಂದ ಯುವಕ ಯುವತಿಯರನ್ನು 2003ರಲ್ಲಿ ನ್ಯೂಜಿಲೆಂಡಿಗೆ ಕಳುಹಿಸಿ ದಂತ ಚಿಕಿತ್ಸಕರ ತರಬೇತಿ ಕೊಡಿಸಿದರು. ಆ ದೇಶವು ಶಾಲಾ ದಂತದಾದಿಯರನ್ನು 1921ರಿಂದಲೇ ತಯಾರಿಸುತ್ತ ಬಂದಿತ್ತು. ಅಮೆರಿಕದ ದಂತವೈದ್ಯರ ಸಂಘದ ವಿರೋಧ ಪ್ರಬಲವಾಗಿದ್ದರೂ ಅವರು ಮರಳಿ ಬಂದು ತಮ್ಮ ಜನರ ನಡುವೆಯೇ ಕೆಲಸಕ್ಕೆ ನಿಂತರು. ತಮ್ಮ ಭಾಷೆಯಲ್ಲಿ, ತಮ್ಮ ಮನೆಯವರಿಂದ ಬಂದ ಮಾತು ಕಿವಿಗೆ ಹತ್ತುತ್ತದೆ. ನಮ್ಮಲ್ಲಿಯೂ ಪೋಡಿನ, ಹಾಡಿಯ ಹೆಣ್ಣುಮಕ್ಕಳೇ ಆಶಾ ಕಾರ್ಯಕರ್ತೆಯರಾದಲ್ಲಿ ಈ ಹೊಣೆಯನ್ನು ಅವರಿಗೆ ಕಲಿಸಿಕೊಡಬಹುದು.

ಸರ್ಕಾರದ ನೆರವೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆಯಲ್ಲಿ ಹಲ್ಲನ್ನೂ ಸೇರಿಸಿದೆ. ಕೆ.ಎಲ್.ಇ. ಸಂಸ್ಥೆಯು 1985ರಲ್ಲಿ ಬೆಳಗಾವಿಯಲ್ಲಿ ದಂತ ಮಹಾವಿದ್ಯಾಲಯವನ್ನು ಆರಂಭಿಸಿದ್ದರಿಂದ ಈ ಜಿಲ್ಲೆಗೆ ತಜ್ಞರ ಕೊರತೆಯೂ ಇಲ್ಲ. ಕೊರತೆಯಿರುವುದು ತಪಾಸಣೆಯ ಚೀಟಿ ಹಿಡಿದು ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವವರದು. ಕೂಲಿಯ ದಿನವನ್ನು ಬಿಟ್ಟು ಹೋಗಲು ತಂದೆಗೆ ಅನುಕೂಲವಿರುವುದಿಲ್ಲ. ದಾನಿಗಳು ಹೊಸ ಶಿಬಿರಕ್ಕೆ ಕೊಡುವ ಹಣದಲ್ಲಿ ಒಂದು ಪಾಲನ್ನು ಈ ಬಸ್ಸಿನ ಖರ್ಚಿಗೂ, ಮೂರು ತಿಂಗಳಿಗೊಮ್ಮೆ ಬದಲಿಸಬೇಕಾದ ಬ್ರಷ್ಷುಗಳಿಗೂ ಮೀಸಲಿಟ್ಟರೆ ಪ್ರಸಾದ ನಿಲಯಗಳಲ್ಲಿರುವ ಮಕ್ಕಳಿಗೆ ಹೆಚ್ಚಿನ ಉಪಕಾರವಾದೀತು.

ಉಳಿಯುವುದು ಬೇಸಿಗೆಯ ರಜೆ. ವಿದ್ಯಾರ್ಥಿಗಳು ಊರಿಗೆ ಮರಳುವ ಆ ಎರಡು ತಿಂಗಳಲ್ಲಿ ನಿಲಯದ ಗಂಟೆ ಬಾರಿಸುವುದಿಲ್ಲ. ಗುಡಿಸಲಿನ ಪಕ್ಕದ ಅಂಗಡಿಯಲ್ಲಿ ಚೀಟಿಗಳ ಮಾಲೆ ತೂಗುತ್ತಿರುತ್ತದೆ. ಹೊರಡುವ ದಿನ ಪ್ರತಿಯೊಬ್ಬನ ಚೀಲದಲ್ಲಿ ಹೊಸ ಬ್ರಷ್ಷನ್ನೂ ಪೇಸ್ಟನ್ನೂ ಇರಿಸಿ, ಮನೆಯ ತಮ್ಮತಂಗಿಯರಿಗೆಂದು ಇನ್ನೆರಡನ್ನು ಕೂಡಿಸಿ ಕಳುಹಿಸಬೇಕು. ಜೂನ್‌ನಲ್ಲಿ ಮರಳಿದ ಮೊದಲ ವಾರವೇ ಎಲ್ಲರ ಬಾಯಿಯನ್ನು ಮತ್ತೊಮ್ಮೆ ನೋಡಿ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.